ಅತ್ತೆ ತಾವಾಗಿಯೇ ಹಾಕಿಕೊಳ್ಳುವಂಥ ಸೊಂಟದ ಪ್ಯಾಡ್ ಹೊಲಿಯುವುದು ಹೇಗೆ?

ಅರಸೀಕೆರೆ ಟೈಲರಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆಯಲ್ಲಿ ಲೇಡೀಸ್ ಟೈಲರ್. ಬ್ಲೌಸು, ಚೂಡಿದಾರ, ಒಳಲಂಗ, ಸೀರೆಗೆ ಫಾಲ್ ಹಾಕುವುದು, ಇಷ್ಟೇ ನನ್ನ ಕೆಲಸ. 22 ವರ್ಷ ಆಯ್ತು. ಈಗ ಒಂದು ವಿಚಿತ್ರ ಆರ್ಡರ್ ಬಂದಿದೆ. ಕೊಟ್ಟವಳೂ ನಾನೇ, ಹೊಲಿಯಬೇಕಾದವಳೂ ನಾನೇ.

ನಮ್ಮತ್ತೆಗೆ 78. ಹೋದ ಕಾರ್ತಿಕದಲ್ಲಿ ಬಚ್ಚಲುಮನೆಯಲ್ಲಿ ಬಿದ್ದು ಎಡಗಡೆ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮಾಡಿ ಬಾಲ್ ಬದಲಾಯಿಸಿದರು. ಮೂರು ತಿಂಗಳು ವಾಕರ್, ಈಗ ಕೋಲು. ಮೊದಲೇ ಸಣಕಲು ಜೀವ, ಈಗ 41 ಕೆಜಿ. ಲಂಗದ ಅಳತೆ ತೆಗೆಯುವಾಗ ಟೇಪು ಮೂಳೆಯ ಮೇಲೇ ಕೂರುತ್ತೆ.

ಇನ್ನೊಂದು ಕಡೆಯೂ ಮುರಿದರೆ ಕಷ್ಟ, ಹಿಪ್ ಪ್ರೊಟೆಕ್ಟರ್ ಹಾಕಿಸಿ ಎಂದರು ಡಾಕ್ಟರು. ಆನ್‌ಲೈನಲ್ಲಿ ತರಿಸಿದೆವು. ಬಂದಿದ್ದು ತೊಡೆಯವರೆಗೆ ಇರುವ ಒಂದು ಬಿಗಿ ಚಡ್ಡಿ. ಚರ್ಮದ ಬಣ್ಣ ಅಂತ ಬರೆದಿತ್ತು, ಯಾರ ಚರ್ಮವೋ ಗೊತ್ತಿಲ್ಲ. ಎರಡೂ ಪಕ್ಕಕ್ಕೆ ಜೇಬು, ಜೇಬಿನೊಳಗೆ ಕುದುರೆ ಲಾಳದ ಆಕಾರದ ಪ್ಯಾಡ್. ಅತ್ತೆ ಎರಡು ದಿನ ಹಾಕಿಕೊಂಡರು. ಮೂರನೇ ದಿನ ಅದು ಬೀರುವಿನಲ್ಲಿ, ನುಸಿಗುಳಿಗೆಯ ಪಕ್ಕ, ನೀಟಾಗಿ ಮಡಿಸಿ ಇಟ್ಟಿತ್ತು.

ನಮ್ಮನೆಯವರು ಕೂಗಾಡಿದರು. "ಅಷ್ಟು ದುಡ್ಡು ಕೊಟ್ಟು ತಂದಿದ್ದೀವಿ, ನಿಂಗೆ ಒಳ್ಳೇದಕ್ಕೆ ತಾನೇ?" ಅಂತ. ಅತ್ತೆ ಮಾತೇ ಆಡಲಿಲ್ಲ, ಎದ್ದು ಹೋಗಿ ಹೂ ಕಟ್ಟುತ್ತಾ ಕೂತರು. ರಾತ್ರಿ ನನಗೆ ಅನ್ನಿಸಿತು, ಗಿರಾಕಿ ಬ್ಲೌಸ್ ವಾಪಸ್ ತಂದರೆ ನಾನು ಗಿರಾಕಿಗೆ ಬೈಯುತ್ತೇನಾ? ಎಲ್ಲಿ ಹಿಡಿಯುತ್ತೆ ಅಂತ ತಾನೇ ಕೇಳುವುದು. ಮಾರನೇ ದಿನ ಹಾಗೇ ಕೇಳಿದೆ. ಕೇಳಿದ್ದೇ ತಡ, ಎಲ್ಲಾ ಹೊರಗೆ ಬಂತು.

ಅವರು 78 ವರ್ಷದಲ್ಲಿ ಒಂದು ದಿನವೂ ಚಡ್ಡಿ ಹಾಕಿದವರಲ್ಲ. ಅದೂ ಇಷ್ಟು ಬಿಗಿ. ಕಾಲು ತೂರಿಸಲು ಒಂಟಿ ಕಾಲಲ್ಲಿ ನಿಲ್ಲಬೇಕು. ಎರಡನೇ ದಿನ ಹಾಗೆ ನಿಂತಾಗ ಜೋಲಿ ಹೊಡೆದು ಮಂಚದ ಮೇಲೆ ಕುಕ್ಕರಿಸಿದರಂತೆ. ನನಗೆ ಹೇಳಿರಲಿಲ್ಲ. ಬಿದ್ದಾಗ ಕಾಪಾಡಬೇಕಾದ ಚಡ್ಡಿ, ಹಾಕಿಕೊಳ್ಳುವಾಗಲೇ ಬೀಳಿಸುವುದರಲ್ಲಿತ್ತು. ರಾತ್ರಿ ಮೂರು ಸಲ ಏಳುತ್ತಾರೆ, ಅವಸರ ತಡೆಯಲ್ಲ, ಚಡ್ಡಿ ಇಳಿಸುವಷ್ಟು ಹೊತ್ತು ಇರಲ್ಲ. ಒಂದು ಸಲ ಒದ್ದೆ ಆಯ್ತಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಸೇವಂತಿಗೆಯ ತೊಟ್ಟು ಮುರಿಯುತ್ತಾ ಹೇಳಿದರು.

ಹಾಗಾಗಿ ನಾನೇ ಹೊಲಿಯೋಣ ಅಂತ. ಗೊತ್ತಿರುವವರು ಹೇಳಿ. ಪ್ಯಾಡ್ ಸರಿಯಾಗಿ ಎಲ್ಲಿ ಕೂರಬೇಕು? ಹಾಸಿಗೆ ಅಂಗಡಿಯ ಫೋಮ್ ಕತ್ತರಿಸಿ ಹಾಕಿದರೆ ಆಗುತ್ತಾ? ನಿಮ್ಮ ಮನೆಯಲ್ಲಿ ಯಾರಾದರೂ ದಿನಾ ಹಾಕಿಕೊಳ್ಳುತ್ತಾರಾ? ಹಾಕಿಕೊಳ್ಳುವ ಹಾಗೆ ಏನು ಮಾಡಿದಿರಿ?

---

ಮೈಸೂರು ಫಿಸಿಯೊ:

ಮೇಡಂ, ಮೊದಲು ಜಾಗ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲೇ. ಸೊಂಟಕ್ಕೆ ಕೊಡ ಇಟ್ಟುಕೊಳ್ಳುವ ಮೂಳೆಯ ಅಂಚು ಇದೆಯಲ್ಲ, ಅದಲ್ಲ. ಅಲ್ಲಿಂದ ಒಂದು ಅಂಗೈ ಅಗಲ ಕೆಳಗೆ, ತೊಡೆಯ ಹೊರಮಗ್ಗುಲಲ್ಲಿ ಒಂದು ಗಟ್ಟಿ ಗುಬುಟು ಸಿಗುತ್ತೆ. ಪಾದವನ್ನು ಒಳಕ್ಕೆ ಹೊರಕ್ಕೆ ತಿರುಗಿಸಿದರೆ ಆ ಗುಬುಟು ಬೆರಳಿನ ಕೆಳಗೆ ಉರುಳುತ್ತೆ. ಆಪರೇಷನ್ ಆದ ಕಾಲನ್ನು ತಿರುಗಿಸಲು ಹೋಗಬೇಡಿ. ಬಲಗಾಲಲ್ಲಿ ನೋಡಿ, ಅದೇ ಅಳತೆ ಎಡಕ್ಕೆ ಇಟ್ಟುಕೊಳ್ಳಿ. ಪಕ್ಕಕ್ಕೆ ಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಆ ಗುಬುಟೇ. ಪ್ಯಾಡ್ ಅದರ ಮೇಲಿಂದ ಜರುಗಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಹಾಸಿಗೆಯ ಸ್ಪಂಜು ಬೇಡವೇ ಬೇಡ. ಕೈಯಲ್ಲಿ ಒತ್ತಿ ನೋಡಿ, ಬೆರಳು ಆಚೆ ಕಡೆಗೆ ತಾಗುತ್ತೆ ಅಲ್ವಾ? ಬಿದ್ದ ಏಟಿಗೂ ಹಾಗೇ ಚಪ್ಪಟೆ ಆಗುತ್ತೆ, ಪೂರಾ ಏಟು ಮೂಳೆಗೆ ಹೋಗುತ್ತೆ. ನಿಮ್ಮ ಹತ್ತಿರ ಇರುವ ಲಾಳದ ಆಕಾರದ ಪ್ಯಾಡ್‌ಗೆ ಒಂದು ಲೆಕ್ಕ ಇದೆ. ನಡುವಿನ ಖಾಲಿ ಜಾಗದಲ್ಲಿ ಮೂಳೆ ಕೂರುತ್ತೆ, ಏಟು ಸುತ್ತಲಿನ ಮಾಂಸಕ್ಕೆ ಹಂಚಿಹೋಗುತ್ತೆ. ಲಾಳ ಇಲ್ಲದ ಇಡೀ ಫೋಮ್‌ನವು ಏಟನ್ನು ತಾವೇ ನುಂಗುತ್ತವೆ. ಮೇಲೆ ಗಟ್ಟಿ ಚಿಪ್ಪು ಇರುವವೂ ಇವೆ, ಮಗ್ಗುಲಾಗಿ ಮಲಗುವಾಗ ಅವು ಒತ್ತುತ್ತವೆ. ಯಾವುದೇ ಆಗಲಿ, ಬೀಳುವ ಏಟನ್ನು ಯಂತ್ರದಲ್ಲಿ ಕೊಟ್ಟು ಪರೀಕ್ಷೆ ಮಾಡಿದ್ದೇ ಬೇಕು. ಮನೆಯಲ್ಲಿ ಅದು ಆಗದ ಕೆಲಸ.

ಅದಕ್ಕೇ ನನ್ನ ಸಲಹೆ: ತರಿಸಿದ ಪ್ಯಾಡ್ ಹಾಗೇ ಇಟ್ಟುಕೊಳ್ಳಿ, ಚಡ್ಡಿ ಬಿಸಾಕಿ. ಅತ್ತೆ ಬೇಡ ಅಂದಿದ್ದೆಲ್ಲಾ ಚಡ್ಡಿಯ ತಪ್ಪು, ಪ್ಯಾಡ್‌ದಲ್ಲ. ಬಟ್ಟೆ ನಿಮ್ಮ ಕೆಲಸ.

ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ, ಹೇಳಿಬಿಡುತ್ತೇನೆ. ಫಿನ್‌ಲೆಂಡಿನಲ್ಲಿ 1801 ವಯಸ್ಸಾದವರ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯ್ತು. ಪ್ಯಾಡ್ ಕೊಡದವರಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ 46 ಸೊಂಟ ಮುರಿತ ಆದರೆ, ಪ್ಯಾಡ್ ಕೊಟ್ಟವರಲ್ಲಿ 21 ಮಾತ್ರ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಪ್ಯಾಡ್ ಕೊಟ್ಟವರಲ್ಲಿ 13 ಜನಕ್ಕೆ ಮುರಿಯಿತು. ಅದರಲ್ಲಿ ಬಿದ್ದಾಗ ಪ್ಯಾಡ್ ಹಾಕಿಕೊಂಡಿದ್ದವರು 4, ಬಿಚ್ಚಿಟ್ಟಿದ್ದವರು 9. ಹಾಕಿಕೊಂಡು ಬಿದ್ದದ್ದು 1034 ಸಲ, ಹಾಕಿಕೊಳ್ಳದೆ ಬಿದ್ದದ್ದು 370 ಸಲ ಮಾತ್ರ. ಎಲ್ಲಾ ಕಡೆ ಹೀಗೇ ಬಂದಿಲ್ಲ. ಅಮೆರಿಕದ 37 ನರ್ಸಿಂಗ್ ಹೋಮ್‌ಗಳಲ್ಲಿ ಒಂದೇ ಪಕ್ಕಕ್ಕೆ ಪ್ಯಾಡ್ ಹಾಕಿ, ಆ ಕಡೆಗೂ ಈ ಕಡೆಗೂ ಹೋಲಿಸಿದರು. 2007ರಲ್ಲಿ ಬಂದ ಆ ಫಲಿತಾಂಶದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಎಲ್ಲಾ ಅಧ್ಯಯನ ಒಟ್ಟು ಹಾಕಿ ನೋಡಿದರೆ ಆರೈಕೆ ಮನೆಗಳಲ್ಲಿ ಸ್ವಲ್ಪ ಲಾಭ, ತಮ್ಮ ಮನೆಯಲ್ಲೇ ಇರುವವರಿಗೆ ಹೆಚ್ಚುಕಮ್ಮಿ ಇಲ್ಲ. ಮನೆಯಲ್ಲಿ ಜನ ಹಾಕಿಕೊಳ್ಳುವುದೇ ಕಮ್ಮಿ ಅನ್ನುವುದು ಇದಕ್ಕೆ ಒಂದು ಕಾರಣ.

ಒಮ್ಮೆ ಮುರಿದವರಿಗೆ ಮೂಳೆ ಗಟ್ಟಿಯಾಗುವ ಔಷಧಿ ಕೊಡುತ್ತಾರೆ. ಶುರು ಮಾಡಿದ್ದಾರಾ ಅಂತ ಡಾಕ್ಟರನ್ನು ಕೇಳಿ. ಪ್ಯಾಡ್ ಅದರ ಬದಲಿಗೆ ಅಲ್ಲ.

---

ಬಚ್ಚಲು ಮೊದಲು:

ಎಲ್ಲಾ ಸರಿ. ಬಚ್ಚಲಿಗೆ ಹಿಡಿಕೆ ಹಾಕಿಸಿದಿರಾ? ನಯವಾದ ಟೈಲ್ಸ್ ತೆಗೆಸಿ. ಹೊಸ್ತಿಲ ಹತ್ತಿರ ರಾತ್ರಿ ಒಂದು ಸಣ್ಣ ದೀಪ ಇರಲಿ. ಅದು ಬಿಟ್ಟು ಸೊಂಟಕ್ಕೆ ದಿಂಬು ಕಟ್ಟುವುದೇನು?

---

ಅರಸೀಕೆರೆ ಟೈಲರಮ್ಮ:

ಹಾಕಿಸಿದ್ದೀನಿ ಸರ್. ಹಿಡಿಕೆ ಎರಡು, ರಬ್ಬರ್ ಮ್ಯಾಟ್, ಕಮೋಡ್, ದೀಪ ಎಲ್ಲಾ ಆಗಿದೆ. ಆದರೂ ಹೋದ ತಿಂಗಳು ದೇವರ ಮನೆ ಮುಂದೆ, ಒಣಗಿದ ನೆಲದ ಮೇಲೆ, ಊದುಬತ್ತಿ ಪ್ಯಾಕೆಟ್‌ಗೆ ಕೈ ಚಾಚಿ ತಿರುಗಿದಾಗ ಜೋಲಿ ಹೊಡೆದರು. ನಾನು ಪಕ್ಕದಲ್ಲಿದ್ದೆ, ಹಿಡಿದೆ.

---

ಸರ್ರೆಯಿಂದ:

ಅಕ್ಕಾ, ನಾನು ತುಮಕೂರಿನವಳು. ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ವಯಸ್ಸಾದವರ ಆರೈಕೆ ಮನೆಯಲ್ಲಿ ಕೇರ್ ಏಯ್ಡ್ ಆಗಿದ್ದೇನೆ. ನೀವು ಊದುಬತ್ತಿ ಕಥೆ ಹೇಳಿದ್ದು ಸರಿಯಾಗಿದೆ. ನಮ್ಮ ಪಕ್ಕದ ಬರ್ನಬಿಯ ಸೈಮನ್ ಫ್ರೇಸರ್ ಯೂನಿವರ್ಸಿಟಿಯವರು ಎರಡು ಆರೈಕೆ ಮನೆಗಳ ಹಾಲ್, ಊಟದ ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು, ಜನ ನಿಜವಾಗಿ ಹೇಗೆ ಬೀಳುತ್ತಾರೆ ಅಂತ ನೋಡಿದರು. 130 ಜನ, 227 ಸಲ ಬಿದ್ದದ್ದು ಸಿಕ್ಕಿತು. ಕಾಲು ಎಡವಿ ಬಿದ್ದದ್ದು 21% ಮಾತ್ರ. 41% ಸಲ ಮೈಭಾರ ಒಂದು ಕಾಲಿಂದ ಇನ್ನೊಂದಕ್ಕೆ ಹಾಕುವಾಗ ತಪ್ಪಿದ್ದು. ಅಂದರೆ ನೆಲ ಎಷ್ಟು ಸರಿ ಮಾಡಿದರೂ ಬೀಳುವವರು ಬೀಳುತ್ತಾರೆ. ನಾನೂ ದಿನಾ ನೋಡುತ್ತೇನೆ. ಕುರ್ಚಿಯಿಂದ ಏಳುವಾಗ, ಯಾರೋ ಕರೆದರು ಅಂತ ತಟ್ಟನೆ ತಿರುಗಿದಾಗ.

ನಮ್ಮಲ್ಲಿ ತುಂಬಾ ಜನ ಪ್ಯಾಡ್ ಹಾಕುತ್ತಾರೆ. ಹಾಕುತ್ತಾರೆ ಅಂದರೆ ನಾವು ಹಾಕುತ್ತೇವೆ, ಬೆಳಿಗ್ಗೆ ಬಟ್ಟೆ ಬದಲಾಯಿಸುವಾಗ. ನೀವು ಮನೆಯಲ್ಲಿ ಅದನ್ನು ಮಾಡಲಾರಿರಿ, ಮಾಡಲೂ ಬಾರದು.

ಒಂದು ಮಾತು ನೆನಪಿಡಿ. ಒಂದೇ ಜೊತೆ ಹೊಲಿದರೆ ಆಗಲ್ಲ, ಮೂರಾದರೂ ಬೇಕು. ಇಲ್ಲಿ ಒಬ್ಬರು ಅಜ್ಜಿಯ ಪ್ಯಾಡ್ ಒಗೆಯಲು ಹೋಗಿತ್ತು, ಬದಲಿ ಇರಲಿಲ್ಲ. ಆ ಸಂಜೆಯೇ ಬಿದ್ದರು. ಪುಣ್ಯಕ್ಕೆ ಮುರಿಯಲಿಲ್ಲ, ತೊಡೆಯೆಲ್ಲಾ ಕಪ್ಪಾಗಿತ್ತು.

ಈಗ ಗಾಳಿಚೀಲದ ಬೆಲ್ಟೂ ಬಂದಿವೆ. ಫ್ರಾನ್ಸಿನ ಹೆಲೈಟ್ ಅನ್ನುವ ಕಂಪನಿ ಮಾಡುತ್ತೆ. ಬೀಳುತ್ತಿರುವುದನ್ನು ಸೆನ್ಸರ್ ಗ್ರಹಿಸಿ, ನೆಲ ಮುಟ್ಟುವ ಮುಂಚೆಯೇ ಎರಡೂ ಪಕ್ಕ ಚೀಲ ಉಬ್ಬುತ್ತೆ. ನೋಡಲು ಚೆನ್ನ. ಆದರೆ ಚಾರ್ಜ್ ಮಾಡಬೇಕು. ನಮ್ಮಮ್ಮ ಮೊಬೈಲ್ ಚಾರ್ಜ್ ಮಾಡುವುದನ್ನೇ ಮರೆಯುತ್ತಾರೆ.

---

ಪಟ್ಟಾಪಟ್ಟಿ ದಾವಣಗೆರೆ:

ಗಂಡಸರಿಗೆ ಈ ತೊಂದರೆ ಇಲ್ಲ ಬಿಡಿ. ನಮ್ಮಪ್ಪನಿಗೆ 81. ಹುಟ್ಟಿದಾಗಿಂದ ಪಂಚೆಯೊಳಗೆ ಪಟ್ಟಾಪಟ್ಟಿ ಚಡ್ಡಿ. ಅದಕ್ಕೆ ಜೇಬು ಮೊದಲೇ ಇರುತ್ತೆ, ಬಸ್‌ಚಾರ್ಜ್ ಇಡಲು. ಎರಡೂ ಕಡೆ ಪ್ಯಾಡ್ ತುರುಕಿ ಕೊಟ್ಟೆ. ಏನಿದು ಅಂದ. ದುಡ್ಡು ಕದಿಯದ ಹಾಗೆ ಅಂದೆ. ಎರಡು ವರ್ಷದಿಂದ ಹಾಕುತ್ತಿದ್ದಾನೆ.

---

ಮೈಸೂರು ಫಿಸಿಯೊ:

@ಪಟ್ಟಾಪಟ್ಟಿ, ನಗು ಬಂತು. ಆದರೆ ಆ ಚಡ್ಡಿ ಸಡಿಲ ಅಲ್ವಾ? ಪ್ಯಾಡ್ ಜೇಬಿನ ತಳಕ್ಕೆ ಇಳಿದು ತೊಡೆಯ ಮುಂದೆ ಬಂದಿರುತ್ತೆ. ಇವತ್ತೇ ಅಪ್ಪ ನಡೆಯುವಾಗ ಕೈ ಹಾಕಿ ನೋಡಿ.

---

ಪಟ್ಟಾಪಟ್ಟಿ ದಾವಣಗೆರೆ:

ನೋಡಿದೆ. ಒಂದು ಮುಂದಕ್ಕಿದೆ. ಇನ್ನೊಂದು ಇಲ್ಲವೇ ಇಲ್ಲ. ಕೇಳಿದರೆ ಕೂರಲು ಗಟ್ಟಿ ಆಗುತ್ತೆ ಅಂತ ಹೋಟೆಲ್ ಬೆಂಚಿನ ಮೇಲೆ ಹಾಕಿಕೊಂಡು ಕೂರುತ್ತಾನಂತೆ, ಅಲ್ಲೇ ಬಿಟ್ಟು ಬಂದಿದ್ದಾನೆ.

---

ಧಾರವಾಡದ ಟೀಚರ್:

ನೋಡು ತಂಗಿ, ಇಲ್ಲಿ ಎಲ್ಲರೂ ಅತ್ತೆಗೆ ಹಾಕಿಸುವ ಮಾತು ಆಡುತ್ತಿದ್ದಾರೆ. ನಾನು ಹಾಕಿಕೊಳ್ಳಬೇಕಾದವಳು. ನನಗೆ 76. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಕಲಿಸಿ ನಿವೃತ್ತಿ ಆದವಳು.

ಎರಡು ವರ್ಷದ ಹಿಂದೆ ಅಡುಗೆಮನೆಯಲ್ಲಿ ಬಿದ್ದೆ. ಮೇಲಿನ ಹಲಗೆಯಿಂದ ಶೇಂಗಾದ ಡಬ್ಬಿ ತೆಗೆಯಲು ಹೋಗಿ. ಮನೆಯಲ್ಲಿ ಯಾರೂ ಇರಲಿಲ್ಲ. ಅರ್ಧ ತಾಸು ನೆಲದ ಮೇಲೆ ಕೂತಿದ್ದೆ, ಆಮೇಲೆ ಕಟ್ಟೆ ಹಿಡಿದು ಎದ್ದೆ. ಚೆಲ್ಲಿದ ಶೇಂಗಾ ಒಂದೊಂದೇ ಆರಿಸಿ ಡಬ್ಬಿಗೆ ತುಂಬಿದೆ, ಸೊಸೆ ಬರುವ ಮುಂಚೆ. ಯಾಕೆ ಗೊತ್ತಾ? ಬಿದ್ದದ್ದು ಗೊತ್ತಾದರೆ ಮರುದಿನದಿಂದ ಅಡುಗೆಮನೆ ಬಂದ್. ಗುಡಿಗೆ ಒಬ್ಬಳೇ ಹೋಗುವುದು ಬಂದ್. ಪಿರ್ರೆಯ ಮೇಲೆ ತಾಟಿನಷ್ಟು ಅಗಲಕ್ಕೆ ಕಪ್ಪಾಗಿತ್ತು. ತಿಂಗಳು ತನಕ ಸೀರೆ ಬದಲಿಸುವಾಗ ಬಾಗಿಲ ಚಿಲಕ ಹಾಕುತ್ತಿದ್ದೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ. ಈ ಹೆಸರಿನಲ್ಲಿ ಬರೆಯುವುದೂ ಅವರಿಗೆ ಗೊತ್ತಿಲ್ಲ.

ಆ ಪ್ಯಾಡ್ ಹಾಕಿಕೊಂಡರೆ ಏನು ಅರ್ಥ? ನಾನು ಬೀಳುವವಳು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಬೀರುವಿಗೆ ಹೋಗುತ್ತದೆ. ಬಣ್ಣ, ಬೆವರು ಎಲ್ಲಾ ಆಮೇಲಿನ ಮಾತು. ನೀನು ಅತ್ತೆಗೆ "ಬೀಳ್ತೀರಿ, ಹಾಕ್ಕೊಳ್ಳಿ" ಅನ್ನಬೇಡ. "ಇದು ಹಾಕ್ಕೊಂಡ್ರೆ ಗುಡಿಗೆ ಒಬ್ಬರೇ ಹೋಗಿ, ನಾನು ಹಿಂದೆ ಬರಲ್ಲ" ಅನ್ನು. ಅಂದಮೇಲೆ ನಿಜವಾಗಿ ಹಿಂದೆ ಹೋಗಬೇಡ. ನಿನ್ನಿಂದ ಆಗುತ್ತದೆಯೋ ನೋಡು.

ಇನ್ನೊಂದು. ಸೀರೆಯ ಮೇಲಿಂದ ಕಾಣಬಾರದು. ಲಗ್ನದ ಮನೆಯಲ್ಲಿ ಬೀಗತಿ ನನ್ನ ಸೊಂಟದ ಅಗಲ ನೋಡಿ "ಮೈ ಕೈ ತುಂಬಿಕೊಂಡೀರಿ" ಅಂದರೆ ನಾನು ಏನು ಹೇಳಲಿ? ಮತ್ತು ಜೇಬು ಇಡು. ಪ್ಯಾಡಿಗೆ ಅಲ್ಲ, ನಮಗೆ. ನಮ್ಮ ಅವ್ವನ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಯಾವಾಗಲೂ ಇರುತ್ತಿತ್ತು. ಅದು ಬಿಚ್ಚಿಟ್ಟರೆ ಅವಳಿಗೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ ಆಗುತ್ತಿತ್ತು.

---

ಅರಸೀಕೆರೆ ಟೈಲರಮ್ಮ:

ಟೀಚರಮ್ಮ, ನಿಮ್ಮ ಮಾತು ಮೂರು ಸಲ ಓದಿದೆ. ಅಂಗಡಿ ಬಾಗಿಲು ಹಾಕಿಕೊಂಡು ಓದಿದೆ. ಇವತ್ತಿಗೆ ಇಷ್ಟೇ. ಹೊಲಿದು ಬರುತ್ತೇನೆ.

---

ಅರಸೀಕೆರೆ ಟೈಲರಮ್ಮ (ಐದು ವಾರದ ಮೇಲೆ):

ತಡವಾಯ್ತು, ನಡುವೆ ಮದುವೆ ಸೀಸನ್. ಮೂರು ಥರ ಹೊಲಿದೆ. ಎರಡು ಕೆಟ್ಟವು. ಕೆಟ್ಟದ್ದನ್ನೂ ಹೇಳುತ್ತೇನೆ, ಬೇರೆಯವರು ಅದೇ ತಪ್ಪು ಮಾಡದಿರಲಿ ಅಂತ.

ಮೊದಲನೆಯದು ಒಳಲಂಗ. ಹೇಗೂ ದಿನಾ ಹಾಕುವುದೇ ತಾನೇ, ಬೇರೆ ಬಟ್ಟೆ ಯಾಕೆ ಅಂತ ಜಾಣತನ ಮಾಡಿದೆ. ಈಗಿನ ಹುಡುಗಿಯರು ಸೀರೆಗೆ ಶೇಪ್‌ವೇರ್ ಹಾಕುತ್ತಾರಲ್ಲ, ಆ ಥರ ಮೇಲಿನ 11 ಇಂಚು ಹಿಗ್ಗುವ ಹೊಸೈರಿ ಬಟ್ಟೆ, ಅಲ್ಲಿ ಪ್ಯಾಡಿನ ಜೇಬು, ಕೆಳಗೆ ಮಾಮೂಲಿ ಪಾಪ್ಲಿನ್ ನೆರಿಗೆ. ನೋಡಲು ಚೆನ್ನಾಗಿತ್ತು. ಅತ್ತೆಯೂ ಖುಷಿಯಾಗಿ ಹಾಕಿಕೊಂಡರು. ಕಮೋಡಿಗೆ ಹೋಗುವಾಗ ಲಂಗ ಎತ್ತಬೇಕಲ್ಲ, ಬಿಗಿ ಭಾಗವೂ ಸೇರಿ ಮೇಲಕ್ಕೆ ಬಂತು. ವಾಪಸ್ ಇಳಿಯಲಿಲ್ಲ. ಸಂಜೆ ನೋಡಿದರೆ ಎರಡೂ ಪ್ಯಾಡ್ ಕೊಡ ಇಡುವ ಜಾಗದಲ್ಲಿ ಕೂತಿದ್ದವು.

ಎರಡನೆಯದು ಬಾಣಂತಿಗೆ ಹೊಟ್ಟೆ ಕಟ್ಟುವ ಹಾಗೆ ಒಂದು ಅಗಲ ಪಟ್ಟಿ. ಏಳು ಇಂಚು ಅಗಲ, ಮುಂದೆ ವೆಲ್ಕ್ರೋ. ಅತ್ತೆಗೆ ಇದು ಗೊತ್ತಿರುವ ವಿಷಯ, ಐದು ಬಾಣಂತನ ಆಗಿದೆ, ಆದ್ದರಿಂದ ತಕರಾರು ಇಲ್ಲ. ಆದರೆ ಸೊಂಟದ ಕೆಳಗೆ ಪಟ್ಟಿ ನಿಲ್ಲಲ್ಲ. ನಾಲ್ಕು ಹೆಜ್ಜೆ ನಡೆದರೆ ಸುರುಳಿ ಸುತ್ತಿಕೊಂಡು ಮೇಲೆ ಏರುತ್ತೆ. ಇದನ್ನು ಅಳೆಯಲು ಒಂದು ಉಪಾಯ ಮಾಡಿದೆ. ಫಿಸಿಯೊ ಹೇಳಿದ ಗುಬುಟಿನ ಮೇಲೆ ಕಾಡಿಗೆಯಿಂದ ಬೊಟ್ಟು ಇಟ್ಟೆ. ಅರ್ಧ ಗಂಟೆ ಓಡಾಡಿದ ಮೇಲೆ ಬಿಚ್ಚಿ, ಒಳಗಿನ ಬಿಳಿ ಬಟ್ಟೆಯಲ್ಲಿ ಕಪ್ಪು ಎಲ್ಲಿ ಹತ್ತಿದೆ ಅಂತ ಟೇಪು ಹಿಡಿದೆ. ಬೊಟ್ಟಲ್ಲ, ಗೆರೆಯೇ ಬಂದಿತ್ತು, ಎರಡೂವರೆ ಇಂಚು ಉದ್ದ. ಅತ್ತೆ ನೋಡಿ "ದೃಷ್ಟಿ ಬೊಟ್ಟು ಇಡೋ ಜಾಗ ನೋಡು" ಅಂತ ನಕ್ಕರು.

ಮೂರನೆಯದು ನಿಂತಿತು. ಮೇಲೆ ಎರಡೂವರೆ ಇಂಚಿನ ಬೆಲ್ಟು, ಲಂಗದ ಲಾಡಿ ಕಟ್ಟುವ ಜಾಗದಲ್ಲಿ. ಅದರಿಂದ ಎರಡು ಪಕ್ಕಕ್ಕೆ ಮಾತ್ರ ಒಂದೊಂದು ಪಟ್ಟಿ ಇಳಿಬಿಟ್ಟಿದ್ದೇನೆ, ಎತ್ತಿನ ಬೆನ್ನಿಗೆ ಎರಡೂ ಕಡೆ ಚೀಲ ಇಳಿಬಿಟ್ಟ ಹಾಗೆ. ಪ್ಯಾಡು ಆ ಪಟ್ಟಿಯ ಜೇಬಿನಲ್ಲಿ. ಮುಂದೆ, ಹಿಂದೆ, ನಡುವೆ ಏನೂ ಇಲ್ಲ. ಕಮೋಡಿಗೆ ಹೋಗುವಾಗ ಏನೂ ಬಿಚ್ಚಬೇಕಾಗಿಲ್ಲ, ಲಂಗ ಎತ್ತಿದರೆ ಸಾಕು. ಪಟ್ಟಿ ಅಲುಗಾಡದ ಹಾಗೆ ತೊಡೆಯ ಸುತ್ತ ಒಂದು ಅಗಲವಾದ ಮೆತ್ತನೆ ಇಲಾಸ್ಟಿಕ್, ಅದೂ ತೆರೆದು ಹಾಕುವಂಥದ್ದು. ಹಾಗಾಗಿ ಕಾಲು ತೂರಿಸುವ ಕೆಲಸ ಇಲ್ಲ, ಮಂಚದ ಮೇಲೆ ಕೂತೇ ಹಾಕಿಕೊಳ್ಳುತ್ತಾರೆ. ಕಾಡಿಗೆ ಪರೀಕ್ಷೆಯಲ್ಲಿ ಅರ್ಧ ಇಂಚಿನೊಳಗೆ ಬಂತು. ಫಿಸಿಯೊ ಸರ್‌ಗೆ ಫೋಟೊ ಕಳಿಸಿದ್ದೆ. ತೊಡೆಯ ಇಲಾಸ್ಟಿಕ್ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಕಾಲು ಊದಿದರೆ ತಕ್ಷಣ ಸಡಿಲ ಮಾಡಿ ಅಂದರು.

ವೆಲ್ಕ್ರೋ ಒಂದು ತಲೆನೋವು. ಸೀರೆಯ ನೂಲು ಎಳೆಯುತ್ತೆ, ರಾತ್ರಿ ಬಿಚ್ಚಿದರೆ ಪರ್ ಅಂತ ಸದ್ದು. ಟಿಚ್ ಬಟನ್ ಹಾಕಿದೆ, ಅತ್ತೆಯ ಬೆರಳಿಗೆ ಒತ್ತಲು ಆಗಲಿಲ್ಲ. ಕೊನೆಗೆ ಹಳೆ ಕೋಟಿನ ರೂಪಾಯಿ ಅಗಲದ ಗುಂಡಿ, ಸಡಿಲ ಕಾಜಾ. ಅದು ಸರಿಹೋಯ್ತು. ಒಳಗಿನ ಬಟ್ಟೆ ಅವರದೇ ಹಳೇ ಕಾಟನ್ ಸೀರೆ, ಒಗೆದು ಒಗೆದು ಮೆತ್ತಗಾದದ್ದು. ಹೊರಗೆ ಅವರ ಅರಿಶಿನ ಬಣ್ಣದ ಬ್ಲೌಸಿನ ಉಳಿದ ತುಂಡು. ಪ್ಯಾಡ್ ತೆಗೆದು ಕಲ್ಲಿನ ಮೇಲೆ ಕುಕ್ಕಿ ಒಗೆಯಬಹುದು. ಸರ್ರೆ ತಂಗಿ ಹೇಳಿದ ಹಾಗೆ ಮೂರು ಹೊಲಿದಿದ್ದೇನೆ, ಪ್ಯಾಡ್ ಮಾತ್ರ ಒಂದೇ ಜೊತೆ.

ಬಲಗಡೆ ಮುಂದೆ ಸಂಚಿ. ಎರಡು ಅರೆ, ದಾರ ಎಳೆದರೆ ಬಾಯಿ ಮುಚ್ಚುತ್ತೆ. ಒಂದರಲ್ಲಿ ಎಲೆ ಅಡಿಕೆ, ಒಂದರಲ್ಲಿ ಚಿಲ್ಲರೆ ಮತ್ತು ಬೀರುವಿನ ಬೀಗದಕೈ. ಕೊಟ್ಟಾಗ ಅತ್ತೆ ಮೊದಲು ಮುಟ್ಟಿ ನೋಡಿದ್ದು ಪ್ಯಾಡಲ್ಲ, ಸಂಚಿಯ ದಾರ. ಎರಡು ಸಲ ಎಳೆದು ಬಿಟ್ಟು ನೋಡಿದರು. ಆಮೇಲೆ "ಡಾಬು ಅಂತೂ ಮಾಡಿಸಿಕೊಡಲಿಲ್ಲ ನಿಮ್ಮ ಮಾವ, ಇದಾದ್ರೂ ಆಯ್ತು" ಅಂದರು. ಅವತ್ತಿಂದ ನಮ್ಮನೆಯಲ್ಲಿ ಅದರ ಹೆಸರು ಡಾಬು. "ಡಾಬು ಎಲ್ಲಿ?" ಅಂತ ಬೆಳಿಗ್ಗೆ ಅವರೇ ಹುಡುಕುತ್ತಾರೆ.

ರಾತ್ರಿ ಮಾತ್ರ ಇನ್ನೂ ಸರಿಯಾಗಿಲ್ಲ. ಬಲ ಮಗ್ಗುಲಿಗೆ ಮಲಗಿದರೆ ಒತ್ತುತ್ತೆ ಅಂತ ಬಿಚ್ಚಿ ದಿಂಬಿನ ಕೆಳಗೆ ಇಡುತ್ತಾರೆ. ಏಳುವಾಗ ಹಾಕಿಕೊಳ್ಳುತ್ತಾರಾ ಅಂದರೆ, ಇಲ್ಲ. ಮೂರು ಸಲ ಏಳುವುದು ಆಗಲೇ. ಯಾರಿಗಾದರೂ ಉಪಾಯ ಹೊಳೆದರೆ ಹೇಳಿ.

ಟೀಚರಮ್ಮ, ಗುಡಿಯ ವಿಷಯ. ಹೋದ ಸೋಮವಾರ ಈಶ್ವರ ದೇವಸ್ಥಾನಕ್ಕೆ ಒಬ್ಬರೇ ಹೋಗಿ ಬನ್ನಿ ಅಂದೆ. ಹೋದರು. ನಾನು ಹಿಂದೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತು ಒಂದು ಬ್ಲೌಸಿನ ತೋಳು ಉಲ್ಟಾ ಜೋಡಿಸಿ, ಬಿಚ್ಚಿ, ಮತ್ತೆ ಉಲ್ಟಾ ಜೋಡಿಸಿದೆ. ಒಂದು ಗಂಟೆ ಹತ್ತು ನಿಮಿಷ ಆದ ಮೇಲೆ ಬಂದರು, ಕೈಯಲ್ಲಿ ಅರ್ಧ ತೆಂಗಿನಕಾಯಿ. ಎಲ್ಲಿ ಇಷ್ಟು ಹೊತ್ತು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಈಗ ಹೊಸ ಸಮಸ್ಯೆ. ಅತ್ತೆ ಕಟ್ಟೆಯಲ್ಲಿ ಕೂತು ಡಾಬು ತೋರಿಸಿದ್ದಾರೆ. ಎದುರುಮನೆ ಅಜ್ಜಿ ನಿನ್ನೆ ಬಂದು ನನಗೂ ಒಂದು ಅಂದರು, ಸಂಚಿ ಸ್ವಲ್ಪ ದೊಡ್ಡದಾಗಿರಲಿ, ಆ ಪಕ್ಕದ ಗಟ್ಟಿ ಎರಡು ಬೇಡ ಅಂದರು. ಬರೀ ಸಂಚಿ ಹೊಲಿದು ಕೊಡುವುದಾ, ಪ್ಯಾಡಿನ ಜೇಬೂ ಇಟ್ಟು ಸುಮ್ನೆ ಇರುವುದಾ ಅಂತ ಯೋಚನೆ. ಜೇಬು ಇಟ್ಟೇ ಕತ್ತರಿಸಿದ್ದೇನೆ. ಚಡ್ಡಿ ಇಲ್ಲದೆ ಬರೀ ಪ್ಯಾಡ್, ಪರೀಕ್ಷೆ ಆದದ್ದು, ಎಲ್ಲಿ ಸಿಗುತ್ತೆ ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಮೂರು ಜೊತೆ ಬೇಕು.